ಬಿಳಿ ಕಣಗಲ

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಹಾಗೆಂದವರು ಕಣಗಲ ಗಿಡ ನೋಡಿರಲಿಕ್ಕಿಲ್ಲ. ಕಡುಬೇಸಿಗೆಯಲ್ಲೂ ಅದರ ಎಲೆ ಕಪ್ಪು ಹಸಿರಾಗಿಯೇ ಇರುತ್ತದೆ, ಆದರೆ ಒಳಗೆಲ್ಲ ವಿಷ. ಎಷ್ಟೇ ಹಸಿದ ಆಡಾದರೂ ಮೂಸಿ ನೋಡಿ ಮುಂದೆ ಹೋಗುತ್ತದೆ. ಪಿಂಜಾರ ಫಕೀರಸಾಬ ತನ್ನ ಮಗಳ ಗೋರಿಯ ತಲೆಯ ಕಡೆ ಕಣಗಲ ನೆಟ್ಟದ್ದು ಅದಕ್ಕೇ. ಹೊಳೆದಂಡೆಯ ಆ ಕಬರಸ್ತಾನಕ್ಕೆ ಬೇಲಿ ಇರಲಿಲ್ಲ, ಊರ ಆಡುಗಳೆಲ್ಲ ಅಲ್ಲೇ ಮೇಯುತ್ತಿದ್ದವು.

ಮಗಳ ಹೆಸರು ಮುಬೀನಾ. ಇನ್ನೂ ಸಾಲಿಗೆ ಹಚ್ಚಿರದ ಕೂಸು, ಜ್ವರ ಬಂದು ಹೋಯಿತು. ಆ ಊರಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿ ಇರಲಿಲ್ಲ. ಹೊಸ್ತಿಲ ತನಕ ತಾಯಿ, ಅದರಾಚೆ ಗಂಡಸರು. ಮಗಳನ್ನು ಹೊತ್ತು ಹೊಳೆಯ ಕಡೆ ತಿರುಗಿದ ಮಂದಿಯ ಬೆನ್ನನ್ನಷ್ಟೇ ಶಮಶಾದಬಿ ನೋಡಿದ್ದಳು. ಗೋರಿ ಯಾವ ಮೂಲೆಗಿದೆ ಎಂಬುದೂ ಅವಳಿಗೆ ತಿಳಿಯದು. ಸತ್ತವರನ್ನು ನೆನೆಯುವ ಶಬೇಬರಾತಿಗೆ ಪ್ರತಿ ವರ್ಷ ಗಂಡ ಗೋರಿಗೆ ಊದಿನಕಡ್ಡಿ ಹಚ್ಚಿ ಬರುವಾಗ ಆ ಗಿಡದ ಒಂದು ಗೊಂಚಲು ಬಿಳಿ ಹೂವು ತಂದು ಅವಳ ಕೈಗಿಡುತ್ತಿದ್ದ. ಬಾಡಿ ಉದುರುವ ತನಕ ಅವಳು ಅದನ್ನು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಮಗಳೊಡನೆ ಅವಳಿಗೆ ಉಳಿದ ನಂಟು ಅಷ್ಟೇ.

ಆಮೇಲೆ ಆಲಮಟ್ಟಿಯ ಹಿನ್ನೀರು ಏರತೊಡಗಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ಗುಡಿಯ ದೇವರನ್ನೂ ಬಿಡದೆ ಒಯ್ದರು. ಸತ್ತವರಿಗೆ ಮಾತ್ರ ಯಾವ ಟ್ರ್ಯಾಕ್ಟರಿನಲ್ಲೂ ಜಾಗವಿರಲಿಲ್ಲ.

“ಗೋರಿ ತರಾಕ ಬರೂದಿಲ್ಲ, ನನಗೂ ಗೊತ್ತೈತಿ,” ಎಂದಳು ಶಮಶಾದಬಿ. “ಆ ಗಿಡದ್ದೊಂದು ಟೊಂಗಿ ತರ್ರಿ. ನಾಳೆ ನಾಳೆ ಅನಬ್ಯಾಡ್ರಿ.”

“ತರ್ತೇನಿ ತಗೋ. ಹೊಳಿ ಎಲ್ಲಿ ಓಡಿ ಹೊಕ್ಕೈತಿ?” ಎಂದ ಫಕೀರಸಾಬ.

ಹೊಳೆ ಓಡಿ ಹೋಗಲಿಲ್ಲ, ಓಡಿ ಬಂತು. ಅವನು ನಾಲತವಾಡದಲ್ಲಿ ಒಂದು ಮದುವೆ ಮನೆಯ ಗಾದಿಗೆ ಹತ್ತಿ ತುಂಬುತ್ತ ಕುಳಿತಿದ್ದಾಗ ಮೇಲ್ಗಡೆ ಮಳೆ ಜೋರಾಗಿತ್ತು. ಮರಳಿ ಬಂದವನು ನೆಟ್ಟಗೆ ಕಬರಸ್ತಾನದ ಕಡೆ ಹೋದ. ಸಂಜೆಗೆ ಮೊಣಕಾಲ ತನಕ ಕೆಸರು ಮೆತ್ತಿಕೊಂಡು, ಕೈಯಲ್ಲೊಂದು ಟೊಂಗೆ ಹಿಡಿದು ಬಂದ. ತುದಿಯಲ್ಲಿ ಹೂವಿರಲಿಲ್ಲ. ಗಾಳಿಮಳೆಗೆ ಉದುರಿರಬೇಕು ಎಂದುಕೊಂಡ ಶಮಶಾದಬಿ ಅದನ್ನು ಮುಬೀನಾಳ ಹಳೆಯ ಲಂಗದಲ್ಲಿ ಸುತ್ತಿ, ಟ್ರ್ಯಾಕ್ಟರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಪುನರ್ವಸತಿಯ ಹೊಸ ಊರು ದಿನ್ನೆಯ ಮೇಲಿತ್ತು. ಬರೀ ಗರಸು ನೆಲ, ಗುದ್ದಲಿ ಹಾಕಿದಲ್ಲೆಲ್ಲ ಕಲ್ಲು. ಅವಳು ಅಂಗಳದಲ್ಲಿ ಕುಣಿ ತೋಡಿ ಗರಸು ತೆಗೆದು, ಕೆಳಗಿನ ಹೊಲದಿಂದ ಬುಟ್ಟಿಯಲ್ಲಿ ಎರೆಮಣ್ಣು ಹೊತ್ತು ತಂದು ತುಂಬಿ ಟೊಂಗೆ ನೆಟ್ಟಳು. ಅಕ್ಕಿ ತೊಳೆದ ನೀರು, ಮುಖ ತೊಳೆದ ನೀರು, ಎಲ್ಲ ಅದರ ಬುಡಕ್ಕೆ. ಟೊಂಗೆ ಚಿಗುರಿತು. ನೀರು ಹಾಕುತ್ತ ಅವಳು ಮಾತಾಡತೊಡಗಿದಳು: “ಮುಬೀ, ಬಿಸಲ ಭಾಳ ಆತೇನ? ಇಲ್ಲೆ ನೆಳ್ಳ ಇಲ್ಲವಾ, ನಾ ಏನ ಮಾಡಲಿ?”

ಪಕ್ಕದ ಮನೆಯ ರೇವವ್ವ, ಹಳೆ ಊರಿನಿಂದಲೂ ನೆರೆಯವಳು, ನಗುತ್ತಿದ್ದಳು. “ಕಣಗಲಕ್ಕ ಯಾರರ ಇಷ್ಟ ಮುದ್ದು ಮಾಡ್ತಾರೇನಬೇ? ಕಲ್ಲಾಗ ಒಗದ್ರೂ ಬರ್ತೈತಿ ಅದು.”

ಶಮಶಾದಬಿ ಇನ್ನೊಂದು ಚೆಂಬು ನೀರು ಹಾಕುತ್ತಿದ್ದಳು. ಫಕೀರಸಾಬ ಮಾತ್ರ ಆ ಗಿಡದ ಹತ್ತಿರ ಸುಳಿಯುತ್ತಿರಲಿಲ್ಲ, ಉಣ್ಣುವಾಗಲೂ ಅಂಗಳಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ. ಮಗಳ ಸಂಕಟ ಅವನಿಗೂ ಇದೆಯಲ್ಲ ಎಂದುಕೊಂಡಳು ಅವಳು.

ಗಿಡ ಅವಳ ಹೆಗಲುದ್ದವಾದ ವರ್ಷ ಶ್ರಾವಣದಲ್ಲಿ ಮೊದಲ ಮೊಗ್ಗು ಕಚ್ಚಿತು. ಒಂದು ಸೋಮವಾರ ಬೆಳಿಗ್ಗೆ ಅರಳಿತು. ಕೆಂಪು.

ಅವಳು ಕೊಡ ಹಿಡಿದುಕೊಂಡೇ ನಿಂತಳು. ಪೂಜೆಯ ಬುಟ್ಟಿ ಹಿಡಿದು ಬಂದ ರೇವವ್ವನ ಮುಖ ಮಾತ್ರ ಅರಳಿತು. “ಕೆಂಪು ಕಣಗಲ! ನಮ್ಮ ಹಳೇ ಹೊಲದ ಬಾವಿ ದಂಡಿಗೆ ಇಂಥಾದ್ದ ಇತ್ತು ನೋಡ, ಕಬರಸ್ತಾನದ ಹಾದ್ಯಾಗ. ನಾಕು ಹೂವು ಕೊಡಬೇ, ಈಶ್ವರಗ ಏರಸ್ತೇನಿ.”

“ಹರ್ಕೋರಿ ಅಕ್ಕಾರ. ಎಲ್ಲಾ ಹರ್ಕೋರಿ.”

ಶಮಶಾದಬಿಗೆ ಅಳು ಬರಲಿಲ್ಲ. ಮಗಳು ಎರಡನೇ ಸಲ ಹೋಗಿದ್ದಳು, ಈ ಸಲ ಒಯ್ದವರ ಬೆನ್ನೂ ಕಾಣಲಿಲ್ಲ.

ಮಧ್ಯಾಹ್ನ ಗಂಡನ ತಾಟಿನ ಪಕ್ಕ, ರೇವವ್ವ ಬಿಟ್ಟುಹೋದ ಒಂದು ಕೆಂಪು ಹೂವು ಇಟ್ಟಳು. ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು.

“ನಾ ಹೋಗೂದ್ರಾಗ ನೀರು ಬಂದಬಿಟ್ಟಿತ್ತು,” ಎಂದ. “ಗಿಡದ ತುದಿ ಸೈತ ಕಾಣಲಿಲ್ಲ. ಬರಿಗೈಲೆ ನಿನ್ನ ಮುಂದ ಹೆಂಗ ಬರಲಿ? ರೇವವ್ವನ ಬಾವಿ ದಂಡೀದು ಮುರದೆ. ನಿನಗ ಗೊತ್ತಾಗಬಾರದಂತ ಹೂವು ಚಿವುಟಿ ಒಗದೆ.”

“ಇಷ್ಟು ದಿನ ಅದರ ಕೂಡ ಮಾತಾಡೇನ್ರಿ ನಾನು,” ಎಂದಳು ಅವಳು. “ನೀವು ಕೇಳ್ಕೋತ ಕುಂತ್ರಿ.”

ಅವನು ಊಟ ಬಿಟ್ಟೆದ್ದು ಮೂಲೆಯಲ್ಲಿದ್ದ ಕೊಡಲಿ ತಗೊಂಡು ಅಂಗಳಕ್ಕಿಳಿದ. ಅವಳು ಅಡ್ಡ ಬಂದು ನಿಂತಳು. “ಬಿಡ್ರಿ. ಅದೇನ ಮಾಡೇತಿ, ಪಾಪ?”

ಗಿಡ ಈಗ ಮಾಳಿಗೆಯೆತ್ತರಕ್ಕೆ ಬೆಳೆದಿದೆ. ಸೋಮವಾರಕ್ಕೊಮ್ಮೆ ರೇವವ್ವ ಬುಟ್ಟಿ ತುಂಬ ಹೂವು ಒಯ್ಯುತ್ತಾಳೆ. ಶಮಶಾದಬಿ ದಿನಾಲೂ ತಪ್ಪದೆ ಅದಕ್ಕೆ ನೀರು ಹಾಕುತ್ತಾಳೆ. ಮಾತು ಮಾತ್ರ ಆಡುವುದಿಲ್ಲ.