ಫ್ರಿಜ್ಜಿನಲ್ಲಿಟ್ಟ ಗೀರು

ಅದೊಂದು ಭಾನುವಾರ. ಮುಂಜಾನೆ ಅವಲಕ್ಕಿ ತಿಂದೆವು, ಮಧ್ಯಾಹ್ನ ಮಲಗಿದೆವು, ನೆಲ ಒರೆಸುವ ಸರದಿ ಯಾರದು ಎಂದು ತುಸು ಜಗಳಾಡಿದೆವು. ಸಂಜೆ ಚಹಾದ ಹೊತ್ತಿಗೆ ನನ್ನ ಹೆಂಡತಿ ಜಯಾ ಪರ್ಸಿನಿಂದ ಒಂದು ಬಿಲ್ಲೆ ತೆಗೆದಳು. ಅಂಗಿಯ ಗುಂಡಿಗಿಂತ ದೊಡ್ಡದು, ಜೇನಿನ ಬಣ್ಣದ್ದು. ಪುಣೆಯ ಹತ್ತಿರದ ಚಿಂಚವಾಡದಲ್ಲಿ ವಾಹನಗಳ ಬಣ್ಣ ಪರೀಕ್ಷಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಇದು ಅಲ್ಲಿಯ ಹೊಸ ಪಾಲಿಮರ್, ಕಾರಿನ ಬಣ್ಣದ ಮೇಲೆ ಬಳಿಯುವಂಥದ್ದು.

ಪಿನ್ನಿನಿಂದ ಅದರ ಮೇಲೆ ಗೀರಿದಳು. ಬಿಸಿ ಚಹಾ ತುಂಬಿದ ಸ್ಟೀಲ್ ಲೋಟಕ್ಕೆ ಒತ್ತಿ ಹಿಡಿದಳು. ನೋಡನೋಡುತ್ತ ಗೀರಿನ ಎರಡೂ ಅಂಚುಗಳು ಹತ್ತಿರ ಬಂದು ಕೂಡಿಕೊಂಡವು.

"ಇದು ತನ್ನ ಮೊದಲಿನ ಆಕಾರ ಮರಿಯಂಗಿಲ್ರಿ. ಕಾವು ಕೊಟ್ರ ಸಾಕು, ತಿರುಗಿ ಹಂಗ ಆಗ್ತದ. ನೀವಾದ್ರ, ಕೊತ್ತಂಬರಿ ತರ್ರಿ ಅಂದ್ರ ಪುದೀನಾ ತರ್ತೀರಿ!"

ನಗುತ್ತ ಇನ್ನೊಂದು ಸಲ ಗೀರಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದಳು. ಎರಡನೆಯ ಗೀರು ಹಾಗೇ ಉಳಿಯಿತು. ಮರುದಿನ ಕೆಲಸದಲ್ಲಿದ್ದಾಗಲೇ ಕುಸಿದವಳು ಮನೆಗೆ ಬರಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು.

ನಾವು ಕಾಗದ, ಚೀಟಿ ಬರೆದುಕೊಂಡವರಲ್ಲ; ತಿಳಿಸುವುದೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಅವಳ ಕೈಯ ಗುರುತು ಎಂದು ನನ್ನ ಬಳಿ ಇರುವುದು ಆ ಗೀರೊಂದೇ. ಅದೋ ಬಿಸಿ ತಾಗಿದರೆ ಮಾಯುವಂಥದ್ದು. ಪುಣೆಯ ಏಪ್ರಿಲ್ ನಿಮಗೆ ಗೊತ್ತಿರಬೇಕು. ಕೊಂಢವಾ ಬಡಾವಣೆಯ ನಮ್ಮ ಮನೆಯಂತೂ ತಾರಸಿಯ ಕೆಳಗೇ ಇದೆ. ಹೀಗಾಗಿ ಬಿಲ್ಲೆ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕದಲ್ಲಿದೆ.

ಮನುಷ್ಯನ ಚರ್ಮ ಈ ವಿಷಯದಲ್ಲಿ ಎಷ್ಟೋ ವಾಸಿ. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದಾಗಿನ ಕಲೆ ನನ್ನ ಮೊಣಕಾಲ ಮೇಲೆ ಇನ್ನೂ ಇದೆ; ಮಾಯುವಾಗಲೂ ಚರ್ಮ ಒಂದು ಗುರುತು ಉಳಿಸಿಕೊಳ್ಳುತ್ತದೆ. ಈ ಪಾಲಿಮರ್‌ಗೆ ಅಷ್ಟು ದಾಕ್ಷಿಣ್ಯವಿಲ್ಲ. ಕಾರಿಗೆ ಅದು ದೊಡ್ಡ ಗುಣವಿರಬಹುದು. ನನಗಲ್ಲ.

ಪ್ರತಿ ಗುರುವಾರ ದುರಸ್ತಿಗೆಂದು ಕರೆಂಟು ತೆಗೆಯುತ್ತಾರೆ. ಅಂದು ಬಿಲ್ಲೆಯನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿಟ್ಟು ಆಫೀಸಿಗೆ ಒಯ್ಯುತ್ತೇನೆ. "ಕಾಯ ಆಹೇ ತ್ಯಾತ?" – ಏನಿದೆ ಅದರಲ್ಲಿ – ಎಂದು ಪಕ್ಕದ ಟೇಬಲ್ಲಿನವರು ಒಮ್ಮೆ ಮರಾಠಿಯಲ್ಲಿ ಕೇಳಿದಾಗ ಗಾಬರಿಯಲ್ಲಿ "ಇನ್ಸುಲಿನ್" ಅಂದುಬಿಟ್ಟೆ. ಅಂದಿನಿಂದ ಆಫೀಸಿನಲ್ಲಿ ಯಾರೂ ನನಗೆ ಪೇಢಾ ಕೊಡುವುದಿಲ್ಲ.

ಕಳೆದ ವಾರ ಜಯಾಳ ತಂಗಿ ಸುಮಾ ಧಾರವಾಡದಿಂದ ಬಂದಳು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಫ್ರಿಜ್ಜು ಖಾಲಿ ಮಾಡಿ ತೊಳೆಯುತ್ತಿದ್ದಳು. ಬಿಲ್ಲೆ ಒಲೆಯ ಕಟ್ಟೆಯ ಮೇಲಿತ್ತು. ಪಕ್ಕದಲ್ಲೇ ಹಾಲು ಕಾಯುತ್ತಿತ್ತು.

ಚಪ್ಪಲಿ ಬಿಡದೆ ಓಡಿದೆ. ಬೆರಳಾಡಿಸಿದೆ. ಗೀರು ಇತ್ತು. ಮೊದಲಿಗಿಂತ ತೆಳುವಾಗಿದೆಯೋ, ನನಗೇ ಹಾಗನಿಸುತ್ತಿದೆಯೋ ತಿಳಿಯಲಿಲ್ಲ.

"ಏನಾತ್ರಿ ಮಾಮಾ? ಯಾವುದೋ ಡಬ್ಬಿ ಬಿರಡಿ ಅಂತ ಮಾಡಿದ್ದೆ!"

ಯಾರಿಗೂ ಹೇಳದಿದ್ದುದನ್ನು ಅವಳಿಗೆ ಹೇಳಿದೆ. ಅವಳು ಸೆರಗಿನಿಂದ ಬಿಲ್ಲೆ ಒರೆಸಿದಳು, ಶೇಂಗಾ ಚಟ್ನಿಯ ಡಬ್ಬಿ ಸರಿಸಿ ಮೊಸರಿನ ಹಿಂದೆ, ಎಲ್ಲಕ್ಕಿಂತ ತಣ್ಣನೆಯ ಜಾಗದಲ್ಲಿ ಇಟ್ಟಳು. ಫ್ರಿಜ್ಜಿನ ಬಾಗಿಲು ಹಾಕಿ, ಅದಕ್ಕೆ ಕೈ ಆನಿಸಿಯೇ ಕೇಳಿದಳು:

"ಅವತ್ತು ಮುಂಜಾನೆ ಮನಿ ಬಿಡೂ ಮುಂದ ಅಕ್ಕ ಏನರೆ ಅಂದ್ಲೇನ್ರಿ?"

ಅಂದು ಜಯಾ ಉಟ್ಟ ಸೀರೆ ನೆನಪಿದೆ, ಹಸಿರು. ಬಾಗಿಲ ಬಳಿ ನಿಂತು ನನ್ನ ಕಡೆ ತಿರುಗಿದ್ದೂ ನೆನಪಿದೆ. ಏನೋ ಅಂದಳು, ನಾನು ಪೇಪರ್ ನೋಡುತ್ತ "ಹೂಂ" ಅಂದೆ.

ಏನಂದಳು ಎನ್ನುವುದು ನೆನಪಿಲ್ಲ.