ಹೆಡ್‌ಮೇಷ್ಟ್ರ ತರಬೇತಿ ಮತ್ತು ಅವರ ಹಸು

ನಮ್ಮ ಹೈಸ್ಕೂಲಿನ ಹೆಡ್‌ಮೇಷ್ಟ್ರು ಒಂದು ವಾರದ ತರಬೇತಿಗೆ ತಿಪಟೂರಿಗೆ ಹೋದಾಗ ಇಡೀ ಊರಿನಲ್ಲಿ ಅದರಿಂದ ಪೆಟ್ಟು ತಿಂದವನು ನಾನೊಬ್ಬನೇ. ಪೆಟ್ಟು ಅಂದರೆ ಅಲಂಕಾರದ ಮಾತಲ್ಲ. ಬಲ ತೊಡೆಯ ಮೇಲೆ, ಗೊರಸಿನ ಆಕಾರದಲ್ಲಿ, ಬದನೆಕಾಯಿ ಬಣ್ಣಕ್ಕೆ ತಿರುಗಿದ ಪೆಟ್ಟು.

ಮೇಷ್ಟ್ರ ಮನೆ ನಮ್ಮ ಪಕ್ಕದ್ದೇ. ಆಗ ಅವರ ಹೆಂಡತಿ ಮಗಳ ಬಾಣಂತನಕ್ಕೆ ಅರಸೀಕೆರೆಗೆ ಹೋಗಿದ್ದರು. ಮನೆಯಲ್ಲಿ ಉಳಿದಿದ್ದು ಮೇಷ್ಟ್ರು ಮತ್ತು ಒಂದು ನಾಟಿ ಹಸು. ಆ ಹಸು ಈ ದಂಪತಿಯನ್ನು ಬಿಟ್ಟು ಮೂರನೆಯವರನ್ನು ಕೆಚ್ಚಲಿನ ಹತ್ತಿರ ಸೇರಿಸುತ್ತಿರಲಿಲ್ಲ. ಶಾಲೆಗಳ ಮುಖ್ಯಸ್ಥರೆಲ್ಲ ಹಾಸ್ಟೆಲಿನಲ್ಲೇ ಉಳಿದು ನಾಯಕತ್ವ ಕಲಿಯಬೇಕು ಅಂತ ಆದೇಶ ಬಂದ ದಿನ ಮೇಷ್ಟ್ರು ನಮ್ಮ ಜಗಲಿಗೆ ಬಂದು, ಹಾಲು ಕರೆಯೋರು ಯಾರು ಅಂತ ತಲೆ ಮೇಲೆ ಕೈ ಹೊತ್ತು ಕೂತರು. ಅವರು ಕೇಳಿದ್ದು ಅಪ್ಪನನ್ನು. ಉತ್ತರ ಕೊಟ್ಟಿದ್ದು ನಾನು.

“ಅದೇನ್ ಮಹಾ ಸಾ? ನಾನ್ ಕರೀತೀನಿ ಬುಡಿ. ನೀರು ಕುಡ್ದಂಗೆ.”

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಲೇ, ನೀನು ಹುಟ್ಟಿದಾಗಿಂದ ಹಾಲು ಕುಡ್ದಿರೋದಷ್ಟೇ ಕಣ್ಲಾ. ಕರ್ದಿದ್ದು ಯಾವತ್ತು?”

ಆದರೆ ನಾನು ಆಗ ಹತ್ತನೇ ಕ್ಲಾಸು, ಮೇಲಾಗಿ ಶಾಲಾ ಸಂಸತ್ತಿನ ಪ್ರಧಾನಮಂತ್ರಿ. ಎದುರಾಳಿಗೆ ಗದಕಟ್ಟು ಬಂದು ಮುಖ ಊದಿಕೊಂಡು ಮನೆಯಲ್ಲಿ ಮಲಗಿದ್ದರಿಂದ ಅವಿರೋಧವಾಗಿ ಗೆದ್ದವನು. ಪ್ರಧಾನಿ ಆಡಿದ ಮಾತು ವಾಪಸ್ ತಗೊಳ್ಳೋದುಂಟೇ?

ಮೇಷ್ಟ್ರು ತಮ್ಮ ಹಳೇ ಅಂಗಿಯೊಂದನ್ನು ಕೊಟ್ಟು, ಇದನ್ನು ಹಾಕಿಕೊಂಡು ಹೋದರೆ ವಾಸನೆಗೆ ಸುಮ್ಮನಿರ್ತಾಳೆ ಅಂದರು. ಆ ಅಂಗಿಯೊಳಗೆ ನನ್ನಂಥ ಇಬ್ಬರು ಸಂಸಾರ ಹೂಡಬಹುದಿತ್ತು. ಮೊದಲ ದಿನ ಹಸು ಕಾಲರು ಮೂಸಿತು, ತೋಳು ನೆಕ್ಕಿತು, ಇನ್ನೇನು ನಂಬಿಬಿಟ್ಟಿತ್ತು. ಅಷ್ಟರಲ್ಲಿ ನಾನು ಗೋಡೆಯಾಚೆ ನಿಂತಿದ್ದ ಅವ್ವನಿಗೆ “ನೋಡ್ದಾ, ಹೆಂಗೆ ಒಲಿಸ್ಕಂಡೆ!” ಅಂತ ಕೂಗಿದೆ. ನನ್ನ ದನಿ ಕೇಳಿದ ಹಸು ತನಗಾದ ಮೋಸವನ್ನು ಅರ್ಥ ಮಾಡಿಕೊಂಡಿತು. ಆಮೇಲೆ ನಾನು ಕೊಟ್ಟಿಗೆಯ ಗೊಂತಿನಿಂದ ಗೊಬ್ಬರದ ಗುಂಡಿಯವರೆಗೆ ನಡೆಯದೇ ತಲುಪಿದೆ. ಆ ವಾರ ಡೈರಿಗೆ ಹಾಕಿದ ಹಾಲಿಗಿಂತ ನನ್ನ ಮೈಗೆ ಹಚ್ಚಿದ ಕೊಬ್ಬರಿ ಎಣ್ಣೆಯೇ ಜಾಸ್ತಿ.

ಮೇಷ್ಟ್ರು ತರಬೇತಿ ಮುಗಿಸಿ ಬಂದರು. ಬಂದ ಮೇಲೆ ದಿನಾ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ನಿಲ್ಲತೊಡಗಿದರು. ಒಳಗೆ ಬರುವ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆದು ಶುಭೋದಯ ಹೇಳಬೇಕು ಅಂತ ಅಲ್ಲಿ ಕಲಿಸಿದ್ದರಂತೆ. ತೊಂದರೆ ಏನೆಂದರೆ, ಮೇಷ್ಟ್ರಿಗೆ ನಮ್ಮ ಯಾರ ಹೆಸರೂ ಗೊತ್ತಿರಲಿಲ್ಲ. ತಪ್ಪು ಅವರದ್ದಲ್ಲ. ನಮ್ಮ ಕಡೆ ಒಬ್ಬರನ್ನು ಗುರುತಿಸೋದೇ ಅವರ ತೆಂಗಿನ ತೋಟದಿಂದ. ಕೆರೆ ಏರಿ ಕೆಳಗಿನ ತೋಟದೋನು, ಜೋಡಿ ಬಾವಿ ತೋಟದೋಳು, ಹೀಗೆ. ಹೆಸರು ಅನ್ನೋದು ಹಾಜರಿ ಕೂಗುವಾಗ ಮತ್ತು ಲಗ್ನಪತ್ರಿಕೆಯಲ್ಲಿ ಮಾತ್ರ ಬಳಸುವ ಸಾಮಾನು. ನಮ್ಮ ತೋಟಕ್ಕೆ ಒಂದು ಕಾಲದಲ್ಲಿ ಕಾಯಿಗೆಲ್ಲ ನುಸಿ ಹತ್ತಿತ್ತಾದ್ದರಿಂದ ನಾನು ನುಸಿ ತೋಟದೋನು. ಪ್ರಧಾನಮಂತ್ರಿಗೆ ಒಪ್ಪುವ ಬಿರುದಲ್ಲ, ಏನು ಮಾಡೋದು.

ಹಾಗಾಗಿ ಮೇಷ್ಟ್ರು ಗೇಟಿನಲ್ಲಿ ನಿಂತು “ಶುಭೋದಯ... ಅದೇ... ಶುಭೋದಯ ಕಣಪ್ಪ” ಅಂತ ದಿನ ದೂಡುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅವರು ಮತ್ತೆ ನಮ್ಮ ಜಗಲಿಗೆ ಬಂದರು. ಮುಖ ಬಾಡಿತ್ತು. ತರಬೇತಿ ಎಷ್ಟರಮಟ್ಟಿಗೆ ಕೆಲಸ ಮಾಡಿದೆ ಅಂತ ನೋಡೋಕೆ ನಾಳೆ ಒಬ್ಬ ಅಧಿಕಾರಿ ಮೇಡಂ ಬರುತ್ತಾರಂತೆ.

“ಕಲ್ತಿಲ್ಲ ಅಂತ ಬರ್ದುಬುಟ್ರೆ ಇನ್ನೊಂದ್ ವಾರ ಹೋಗ್ಬೇಕಂತೆ ಕಣಪ್ಪ,” ಅಂತ ಅಪ್ಪನಿಗೆ ಹೇಳಿದರು. “ನಮ್ಮನೆಯೋರು ಬರೋದು ಇನ್ನೂ ತಡ ಆಯ್ತದೆ.”

ಅಪ್ಪ ಸಮಾಧಾನ ಮಾಡಿದರು. “ಯೋಚ್ನೆ ಯಾಕೆ ಸಾ? ಹಾಲು ಕರೆಯೋಕೆ ನಮ್ ಹುಡ್ಗ ಅವ್ನಲ್ವಾ? ಈಗ ಅನುಭವಾನೂ ಐತೆ.”

ನಾನು ಬಲ ತೊಡೆ ಸವರಿಕೊಂಡೆ. ಮೇಷ್ಟ್ರು ಪಾಸಾಗಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ನಾನೇ ಪಾಸಾಗಬೇಕು ಅಂತಲೂ ನಾನು ಅಷ್ಟು ಹಂಬಲಿಸಿರಲಿಲ್ಲ.

“ಸಾ, ನಾನು ಗೇಟಿನ ಕಂಬದ ಹಿಂದೆ ನಿಂತ್ಕಂಡು ಹೆಸ್ರು ಹೇಳ್ತೀನಿ, ನೀವು ಕೂಗಿ,” ಅಂದೆ.

“ಲೇ, ಅದು ಮೋಸ ಅಲ್ವೇನ್ಲಾ?”

“ಮೋಸ ಎಲ್ಲಿಂದ ಬಂತು ಸಾ? ನಮ್ಮೂರ್ ನಾಟಕದಾಗೆ ಪರದೆ ಹಿಂದ್ಗಡೆ ನಿಂತು ಮಾತು ಹೇಳ್ಕೊಡಲ್ವಾ? ಜನ ಅದಕ್ಕೂ ಚಪ್ಪಾಳೆ ಹೊಡೀತಾರೆ.”

ಮೇಷ್ಟ್ರು ಹಸುವಿಗೆ ಹುಲ್ಲು ಹಾಕಬೇಕು ಅಂತ ಎದ್ದು ಹೋದರು. ನಾನು ಅದನ್ನು ಹೂಂ ಅಂತಲೇ ತಗೊಂಡೆ.

ಮಾರನೇ ದಿನ ಮೇಡಂ ಜೀಪಿನಲ್ಲಿ ಬಂದು ಬೇವಿನ ಮರದ ಕೆಳಗೆ ಟ್ಯಾಬ್ ಹಿಡಿದು ನಿಂತರು. ನಾನು ಅದಕ್ಕೂ ಮುಂಚೆಯೇ ಕಂಬದ ಹಿಂದಿನ ದಾಸವಾಳದ ಪೊದೆಯಲ್ಲಿ ಸ್ಥಾಪಿತನಾಗಿದ್ದೆ. ಮಕ್ಕಳು ಬರತೊಡಗಿದರು. ನಾನು ಪಿಸುಗುಟ್ಟಿದ ಹೆಸರನ್ನು ಮೇಷ್ಟ್ರು ಗಟ್ಟಿಯಾಗಿ ಹೇಳುತ್ತಿದ್ದರು. ಮಕ್ಕಳು ತಮ್ಮ ಹೆಸರನ್ನು ಮೇಷ್ಟ್ರ ಬಾಯಲ್ಲಿ ಕೇಳಿ, ಇದೇನು ಟೀಸಿ ಕೊಟ್ಟು ಕಳಿಸ್ತಾರೋ ಅನ್ನುವಂತೆ ಹೆದರಿ ಒಳಗೆ ಓಡುತ್ತಿದ್ದವು. ಮೇಡಂ ತಲೆದೂಗಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬರೀ ಹೆಸರು ಹೇಳೋದು ಯಾರಿಗಾದರೂ ಬರುತ್ತೆ, ನಾನು ಯಾರು? ಒಬ್ಬ ಹುಡುಗನ ಹೆಸರಿನ ಜೊತೆಗೆ ‘ಅಜ್ಜಿ ಮಂಡಿನೋವು’ ಅಂತ ಸೇರಿಸಿದೆ. ಮೇಷ್ಟ್ರು “ಅಜ್ಜಿ ಮಂಡಿನೋವು ಹೆಂಗೈತಪ್ಪ?” ಅಂದರು. ಮೇಡಂ ಟ್ಯಾಬಿನಲ್ಲಿ ಏನೋ ಒತ್ತಿದರು. ನನಗೆ ಹುರುಪು ಬಂತು. ಮುಂದಿನವಳು ಎಂಟನೇ ಕ್ಲಾಸಿನ ಹುಡುಗಿ. ಅವಳ ಮನೆಯ ವಿಷಯ ನನಗೇನೂ ಗೊತ್ತಿರಲಿಲ್ಲ. ಆದರೂ ‘ಮೇಕೆ ಮರಿ ಹಾಕ್ತಾ ಕೇಳಿ’ ಅಂದೆ.

“ಮೇಕೆ ಮರಿ ಹಾಕ್ತೇನವ್ವ?” ಅಂತ ಮೇಷ್ಟ್ರು ಪ್ರೀತಿಯಿಂದ ಕೇಳಿದರು.

“ನಮ್ಮನೇಲಿ ಮೇಕೇನೇ ಇಲ್ಲ ಸಾ.”

ಮೇಷ್ಟ್ರು ಕಂಗಾಲಾದರು. ನಾನು ಏನಾದರೂ ಹೇಳಿಕೊಡುವೆನೆಂದು ಕಂಬದ ಕಡೆ ಕಿವಿ ವಾಲಿಸಿದರು. ಅದೇ ಹೊತ್ತಿಗೆ ದಾಸವಾಳದ ಬುಡದ ಕಟ್ಟಿರುವೆಗಳು ನನ್ನ ಪ್ಯಾಂಟಿನೊಳಗೆ ತಮ್ಮದೇ ಮೌಲ್ಯಮಾಪನ ಶುರು ಮಾಡಿದವು. ಪ್ರಧಾನಮಂತ್ರಿ ಪೊದೆ ಸಮೇತ ಮೇಡಂ ಕಾಲ ಬುಡಕ್ಕೆ ಬಂದು ಬಿದ್ದು, ಅಲ್ಲಿ ಒಂದು ನೃತ್ಯ ಪ್ರದರ್ಶನವನ್ನೂ ಕೊಟ್ಟ.

“ಇದ್ಯಾರು?” ಅಂದರು ಮೇಡಂ.

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ನಾಲ್ಕು ಹೇಳುತ್ತಿದ್ದೆ. “ನಂಗೆ ಮಕ್ಳ ಹೆಸ್ರು ಇನ್ನೂ ಬರಲ್ಲ ಮೇಡಂ,” ಅಂದರು. “ತೋಟ ಗೊತ್ತು, ಹೆಸ್ರು ಗೊತ್ತಿಲ್ಲ. ಇವ್ನು ಹೇಳ್ಕೊಡ್ತಿದ್ದ.”

ಆಯಿತು, ಕಥೆ ಮುಗಿಯಿತು ಅಂದುಕೊಂಡೆ. ಕಣ್ಣ ಮುಂದೆ ಗೊಬ್ಬರದ ಗುಂಡಿ ಬಂತು. ಮೇಡಂ ಮಾತ್ರ ನಕ್ಕು, ನಿಮಗೆ ಹೇಗೆ ಬರುತ್ತೋ ಹಾಗೇ ಮಾತಾಡಿಸಿ ಅಂದರು. ಮೇಷ್ಟ್ರು ಶುರು ಮಾಡಿದರು. “ಏನ್ಲಾ ಏರಿ ತೋಟದೋನೆ, ಕಾಯಿ ಸುಲ್ದು ಮುಗೀತಾ?” “ಜೋಡಿ ಬಾವಿಯೋಳೆ, ನಿಮ್ಮಪ್ಪನ್ ಬೈಕು ರಿಪೇರಿ ಆಯ್ತೇನವ್ವ, ಇಲ್ಲ ಇವತ್ತೂ ನಡ್ಕಂಡೇ ಬಂದ್ಯಾ?” ಮಕ್ಕಳು ನಿಂತು ಉತ್ತರ ಹೇಳಿ, ಉಲ್ಟಾ ಪ್ರಶ್ನೆ ಕೇಳಿ, ಗೇಟಿನಲ್ಲಿ ಸಂತೆಯಾಯಿತು.

ಪ್ರಾರ್ಥನೆ ಆದ ಮೇಲೆ ಮೇಡಂ ನನ್ನೊಬ್ಬನನ್ನೇ ಲೈಬ್ರರಿ ಕೋಣೆಗೆ ಕರೆಸಿದರು. ಇದೇ ಕೊನೆಯ ಅವಕಾಶ ಅಂತ ನನಗೆ ಗೊತ್ತಾಯಿತು.

“ಹೆದರಬೇಡ, ಇದ್ದದ್ದು ಹೇಳು. ತರಬೇತಿಗೆ ಮುಂಚೆ ನಿಮ್ಮ ಮೇಷ್ಟ್ರು ಹೇಗಿದ್ದರು?”

“ಹುಲಿ ಮೇಡಂ.”

“ಈಗ?”

ಹಸು ಅನ್ನೋಕೆ ಬಾಯಿ ತೆರೆದೆ. ಆ ಪ್ರಾಣಿಯ ನೆನಪಾಗಿ “ಕರು ಮೇಡಂ” ಅಂದೆ.

ಆಮೇಲೆ ನನ್ನನ್ನು ಹಿಡಿಯೋರು ಯಾರು? ಮೇಷ್ಟ್ರು ದಿನಾ ನಮ್ಮ ಜೊತೆ ನೆಲದ ಮೇಲೆ ಕೂತು ಬಿಸಿಯೂಟ ಮಾಡ್ತಾರೆ ಅಂದೆ. (ಒಂದು ದಿನ ಕೂತಿದ್ದರು. ಕುರ್ಚಿ ಕಾಲು ಮುರಿದಿತ್ತು.) ನಮ್ಮ ಕಷ್ಟ ಕೇಳುವಾಗ ಕಣ್ಣಲ್ಲಿ ನೀರು ಹಾಕ್ಕೋತಾರೆ ಅಂದೆ. ದಂಡಿನಶಿವರದ ಕಡೆ ಮಕ್ಕಳು ಇವರ ಶಾಲೆಗೇ ಸೇರಿಸಿ ಅಂತ ಮನೆಯಲ್ಲಿ ಊಟ ಬಿಟ್ಟು ಕೂತಿದ್ದಾವೆ ಅಂದೆ. ಇಂಥ ಹೆಡ್‌ಮೇಷ್ಟ್ರು ಇಡೀ ತುಮಕೂರು ಜಿಲ್ಲೆಯಲ್ಲೇ ಇಲ್ಲ ಅಂತ ಮುಗಿಸುವ ಹೊತ್ತಿಗೆ ಅದನ್ನೆಲ್ಲ ನಾನೇ ನಂಬಿಬಿಟ್ಟಿದ್ದೆ.

ಮೇಡಂ ಟ್ಯಾಬ್ ಮುಚ್ಚಿದರು. “ಅರ್ಧ ಸುಳ್ಳು ಅಂತ ಗೊತ್ತಾಗುತ್ತೆ ಕಣೋ. ಆದರೆ ಗೇಟಿನಲ್ಲಿ ನೋಡಿದ್ದು ಸುಳ್ಳಲ್ಲ. ಗೊತ್ತಿಲ್ಲ ಅಂತ ನನ್ನ ಮುಂದೆ ಒಪ್ಪಿಕೊಂಡ ಹೆಡ್‌ಮಾಸ್ಟರು ಇವರೊಬ್ಬರೇ. ಇವರು ಇನ್ನೊಂದು ಸಲ ತರಬೇತಿಗೆ ಹೋಗಲೇಬೇಕು.”

“ಮೇಡಂ! ಪಾಸಾದ್ರಲ್ವಾ?”

“ಪಾಸಾಗಿದ್ದಕ್ಕೇ. ಮುಂದಿನ ಬ್ಯಾಚಿಗೆ ಇವರೇ ಹೇಳಿಕೊಡಲಿ. ಒಂದು ವಾರ, ಅಲ್ಲೇ ಉಳಿದುಕೊಂಡು.”

ನಾನು ಕಲ್ಲಾದೆ. ಮೇಡಂ ಜೀಪು ಹತ್ತುವ ಹೊತ್ತಿಗೆ ಕಲ್ಲಿಗೆ ಕಾಲು ಬಂತು. ಓಡಿಹೋಗಿ ಬಾಗಿಲು ಹಿಡಿದುಕೊಂಡೆ.

“ಮೇಡಂ, ನಾನು ಹೇಳಿದ್ದೆಲ್ಲ ಸುಳ್ಳು! ನಮ್ ಮೇಷ್ಟ್ರು ಅಂಥಾ ಒಳ್ಳೆಯೋರೇನಲ್ಲ. ಗಣಿತದ ಕ್ಲಾಸಿನಾಗೆ ತೂಕಡಿಸ್ತಾರೆ. ಬಯ್ಯೋಕೆ ಕೂತ್ರೆ ಬೆಲ್ ಹೊಡದ್ರೂ ನಿಲ್ಸಲ್ಲ. ಅವ್ರು ಬೇರೆಯೋರಿಗೆ ಹೇಳ್ಕೊಡೋದಾ? ಬೇಡ ಮೇಡಂ, ಕೈ ಮುಗೀತೀನಿ!”

ಮೇಡಂ ಮೆಚ್ಚುಗೆಯಿಂದ ನನ್ನನ್ನೇ ನೋಡಿದರು. ಆಮೇಲೆ ಮುಚ್ಚಿದ್ದ ಟ್ಯಾಬನ್ನು ಮತ್ತೆ ತೆರೆದರು.

“ಹೆಡ್‌ಮಾಸ್ಟರ ಮೇಲೆ ಇಷ್ಟು ನಿರ್ಭಯವಾಗಿ ದೂರು ಹೇಳೋ ಮಕ್ಕಳನ್ನು ನಾನು ಬೇರೆ ಯಾವ ಶಾಲೆಯಲ್ಲೂ ನೋಡಿಲ್ಲ,” ಅಂದು ಅದನ್ನೂ ಬರೆದುಕೊಂಡರು.

ಜೀಪು ಧೂಳೆಬ್ಬಿಸಿ ಹೋಯಿತು. ಮೇಷ್ಟ್ರು ನಿಧಾನಕ್ಕೆ ನನ್ನ ಪಕ್ಕ ಬಂದು ನಿಂತರು.

“ಏನ್ಲಾ ಹೇಳ್ದೆ ಮೇಡಂಗೆ?”

“ಮೊದ್ಲು ನಿಮ್ಮನ್ನ ಹೊಗಳ್ದೆ ಸಾ. ಆಮೇಲೆ ಬೈದೆ.”

“ಯಾವ್ದನ್ನ ನಂಬುದ್ರು?”

“ಎರಡ್ನೂ ಸಾ.”

ಮೇಷ್ಟ್ರು ಗೇಟಿನ ಕಟ್ಟೆಯ ಮೇಲೆ ಕೂತರು. ಮುಂದಿನ ತಿಂಗಳು ತಾವು ಮತ್ತೆ ಒಂದು ವಾರ ಮನೆ ಬಿಡಬೇಕು ಅಂತ ಅವರಿಗೂ ಅಷ್ಟರಲ್ಲಿ ತಿಳಿದಿತ್ತು. ನನಗೆ ಬಯ್ಯುತ್ತಾರೆ ಅಂತ ಕಾದೆ. ಬಯ್ಯಲಿಲ್ಲ. ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು.

“ಉಗುರು ಕತ್ತರ್ಸ್ಕಂಡು ಇವತ್ ಸಂಜೆಗೇ ಬಾ. ಇನ್ಮೇಲೆ ದಿನಾ ಬರ್ಬೇಕು. ಪಕ್ಕದಾಗೆ ಕೂರುಸ್ಕಂಡು ಹಾಲು ಕರೆಯೋದು ಹೇಳ್ಕೊಡ್ತೀನಿ.”

“ಕಲ್ತ್ ಮೇಲೆ ಸರ್ಟಿಫಿಕೇಟ್ ಕೊಡ್ತೀರಾ ಸಾ?”

“ಕೊಡೋಳು ಕೊಟ್ಟಿಗೇಲಿರೋಳು ಕಣ್ಲಾ,” ಅಂದರು ಮೇಷ್ಟ್ರು, ಏಳುತ್ತಾ. “ನಂದೇನೈತೆ ಅದ್ರಾಗೆ.”