ಬೈಂಡಿಂಗ್ ಮಾಮ ಪಾಸ್‌ಪೋರ್ಟ್ ಹೊಲಿದದ್ದು

ಸಡಿಲವಾದ ಪುಸ್ತಕವೊಂದು ಕೈಗೆ ಸಿಕ್ಕಿದರೆ ಅದನ್ನು ಬಿಚ್ಚಿ ಹೊಲಿಯದೆ ಕೆಳಗಿಡುವ ಜಾಯಮಾನ ಬೈಂಡಿಂಗ್ ಮಾಮನದಲ್ಲ. ಮೂವತ್ತಾರು ವರ್ಷದಿಂದ ಅದೇ ಬೀದಿಯ ಅದೇ ಇಕ್ಕಟ್ಟಾದ ಅಂಗಡಿಯಲ್ಲಿ, ಕಾಗದ ಕತ್ತರಿಸುವ ಯಂತ್ರಕ್ಕೂ ಗೋಡೆಗೂ ನಡುವೆ ಮೈ ಓರೆ ಮಾಡಿಕೊಂಡೇ ಓಡಾಡುತ್ತ, ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ವಕೀಲರ ದಪ್ಪ ದಪ್ಪ ಗ್ರಂಥಗಳವರೆಗೆ ಎಲ್ಲದಕ್ಕೂ ಬೆನ್ನು ಕಟ್ಟಿದವನು. ಡಾಕ್ಟರ ಹತ್ತಿರ ಕೆಮ್ಮಿಗೆ ಔಷಧಿ ತರಲು ಹೋದವನು ಅಲ್ಲಿ ಕಾಯುವ ಕೋಣೆಯ ಹಳೆಯ ಪತ್ರಿಕೆಗಳನ್ನೆಲ್ಲ ಸರಿಮಾಡಿ, ಔಷಧಿ ಮರೆತು ಬಂದದ್ದುಂಟು. ಒಳ್ಳೆಯ ಚಾಳಿಯೇ, ಅಲ್ಲವೆಂದು ಯಾರಂದರು? ಆದರೆ ಒಳ್ಳೆಯ ಚಾಳಿಗೂ ಒಂದು ಮಿತಿ ಬೇಡವೇ?

ಈ ಚಾಳಿ ಹತ್ತಿಸಿದವಳು ಅಕ್ಕ. ತಾಯಿ ಹೋದಾಗ ಮಾಮನಿಗೆ ಐದು ವರ್ಷ, ಅಕ್ಕನಿಗೆ ಹನ್ನೆರಡು. ಅವಳೇ ಅವನಿಗೆ ತಲೆ ಬಾಚಿದಳು, ಪಾಠ ಹೇಳಿದಳು, ಗದರಿದಳು. ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹರಿದು, ಮಡಚಿ, ಸೂಜಿದಾರದಲ್ಲಿ ಹೊಲಿದು ಹೊಸ ಪುಸ್ತಕ ಮಾಡಿಕೊಡುತ್ತಿದ್ದಳು. “ಗಂಟು ಒಳಗಡೆ ಇರ್ಬೇಕು ಕಣೋ, ಹೊರಗೆ ಕಂಡ್ರೆ ಮಾನ ಹೋಗುತ್ತೆ” ಎಂದು ಅವನ ಕೈಯಲ್ಲೂ ಹೊಲಿಸುತ್ತಿದ್ದಳು. ತಮ್ಮ ಒಂದು ದಡ ಸೇರಿದ ಮೇಲೆ ನರ್ಸ್ ಕೆಲಸ ಹಿಡಿದು ಎಲ್ಲೆಲ್ಲೋ ಸುತ್ತಿ, ಕೊನೆಗೆ ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ, ಬೆಟ್ಟದ ನೆತ್ತಿಯ ಮೇಲಿನ ಒಂದು ಊರಿನ ಆಸ್ಪತ್ರೆ ಸೇರಿದಳು. ಅಕ್ಕ ತಮ್ಮ ಮುಖ ನೋಡಿ ಹತ್ತೊಂಬತ್ತು ವರ್ಷ ಕಳೆದಿತ್ತು.

ಒಂದು ಬೆಳಿಗ್ಗೆ ಅವಳ ಫೋನ್ ಬಂತು.

“ತಮ್ಮಾ, ನಗಬೇಡ. ಮದುವೆ.”

“ಯಾರದಕ್ಕಾ?”

“ನಂದೇ ಕಣೋ!”

ಅರವತ್ತೆರಡರ ಅಕ್ಕ! ವರ, ಅದೇ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸಿ ನಿವೃತ್ತನಾದವನಂತೆ. ಮಾಮ ನಗಲಿಲ್ಲ, ಅಂಟು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ರೆಪ್ಪೆ ಅಂಟಿಸಿಕೊಂಡ.

“ಜುಲೈ ಇಪ್ಪತ್ತಕ್ಕೆ ನೋಂದಣಿ ಕಚೇರಿಯವರು ದಿನ ಕೊಟ್ಟಿದಾರೆ” ಎಂದಳು ಅಕ್ಕ. “ಅವರ ಕಡೆ ಮನೆ ತುಂಬ ಜನ. ನನ್ನ ಕಡೆ ಕುರ್ಚಿ ಖಾಲಿ ಇರಬಾರದು ಕಣೋ. ಸಾಕ್ಷಿ ಸಹಿ ನೀನೇ ಹಾಕ್ಬೇಕು.”

ಜೀವಮಾನದಲ್ಲಿ ಅಕ್ಕ ಅವನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ತಯಾರಿಯ ಯಜಮಾನಿಕೆ ಹೆಂಡತಿಯದಾಯಿತು. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಕೂಗಿ ಹೇಳುವವಳು, ಬೀದಿಗೆಲ್ಲ ಮೈಕಮ್ಮ. ಮನೆಯಲ್ಲೂ ಅದೇ ದನಿ, ಅದೇ ಗತ್ತು. “ಪ್ರಯಾಣಿಕರ ಗಮನಕ್ಕೆ! ಇಲ್ಲಿ ಫ್ಯಾನ್ ತಿರುಗ್ತಿದ್ರೂ ಅಲ್ಲಿ ಜುಲೈ ಅಂದ್ರೆ ಚಳಿಗಾಲ. ಒಳಬನಿಯನ್ ಎರಡು, ಸ್ವೆಟರ್ ಎರಡು. ಬಿಸಿಲೂ ಚುರುಕು, ಟೋಪಿ ಒಂದು. ಅಂಟಿನ ಡಬ್ಬ ಇಲ್ಲ, ಆಚೆಗಿಡಿ!” ಮೂರೂವರೆ ಸಾವಿರ ಮೀಟರಿಗೂ ಮೇಲಿನ ಊರು, ಅಲ್ಲಿ ಉಸಿರಿಗೇ ಬರ; ಮೊದಲೆರಡು ದಿನ ಓಡಾಡದೆ ನೀರು ಕುಡಿದು ಮಲಗಿರಬೇಕೆಂದು ಡಾಕ್ಟರು ಹೇಳಿದ್ದರು. ಸರಿ, ಗಟ್ಟಿಯಾಗಲೆಂದು ಮೈಕಮ್ಮ ಗಂಡನನ್ನು ದಿನಾ ಸಂಜೆ ಮಹಡಿ ಮೆಟ್ಟಿಲು ಹತ್ತಿಸಿದಳು. ಪ್ರತಿ ಮೆಟ್ಟಿಲಿಗೂ ಒಂದು ಸ್ಪ್ಯಾನಿಷ್ ಪದ. ನೀರು, ನಮಸ್ಕಾರ, ಶೌಚಾಲಯ ಎಲ್ಲಿದೆ. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಮಾಮನಿಗೆ ಸ್ಪ್ಯಾನಿಷ್ ಹೋಗಲಿ, ಕನ್ನಡವೂ ಹೊರಡುತ್ತಿರಲಿಲ್ಲ.

ಇಬ್ಬರೂ ಪಾಸ್‌ಪೋರ್ಟ್ ಹಿಂದೆಯೇ ಮಾಡಿಸಿಟ್ಟಿದ್ದರು. ಜೆರಾಕ್ಸ್ ಅಂಗಡಿಯವನು ಮಾಮನದನ್ನು ಯಂತ್ರದ ಮೇಲೆ ಅಗಲಿಸಿ ಒತ್ತಿದ್ದರಿಂದ ಅದರ ಬೆನ್ನು ಚೂರು ಬಿಟ್ಟುಕೊಂಡಿತ್ತು. ಚೂರೇ ಚೂರು. ಬೇರೆ ಯಾರೇ ಆಗಿದ್ದರೂ ಗಮನಿಸುತ್ತಿರಲಿಲ್ಲ. ಮಾಮ ಅದನ್ನು ಬೆಳಕಿಗೆ ಹಿಡಿದು, ಲೊಚಗುಟ್ಟಿ, ಮಧ್ಯಾಹ್ನ ಊಟವಾದ ಮೇಲೆ ನೆಮ್ಮದಿಯಾಗಿ ಕೂತು ದಾರ ಕಿತ್ತು, ಹಾಳೆಗಳನ್ನು ಬಿಡಿಸಿ, ಹೊಸದಾಗಿ ಐದು ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಮೇಲೆ ಭಾರ ಹೇರಿ ಒಣಗಲು ಇಟ್ಟ. ಹೆಂಡತಿಯದನ್ನು ಮರುದಿನಕ್ಕೆಂದು ಎತ್ತಿಟ್ಟಿದ್ದ. ಪುಣ್ಯ!

ವೀಸಾದ ಅರ್ಜಿ ತುಂಬಲೆಂದು ಅದೇ ಸಂಜೆ ಮೈಕಮ್ಮ ಗಂಡನದನ್ನು ತೆಗೆದಾಗ ಮದುವೆಗೆ ಐದು ವಾರ ಉಳಿದಿತ್ತು. ಕೈಗೆತ್ತಿಕೊಂಡವಳು ಬೆನ್ನಿನ ಬಟ್ಟೆಪಟ್ಟಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಆಡಿದ ಮಾತು ಬೀದಿಯ ಕೊನೆಯ ಮನೆಗೂ ಕೇಳಿಸಿತು.

“ಇದನ್ನ ಬಿಚ್ಚಿದ್ರಾ ನೀವು?”

“ಹೊಲಿದೆ ಕಣೇ. ಇನ್ನು ನೂರು ವರ್ಷ ಮಿಸುಕಲ್ಲ.”

“ರೀ, ಪಾಸ್‌ಪೋರ್ಟ್ ಬಿಚ್ಚಿದ್ರೆ ಅದು ಪಾಸ್‌ಪೋರ್ಟೇ ಅಲ್ಲ! ಹಾಳೆ ಬದಲಾಯಿಸಿದ್ದಾರೆ ಅಂತ ವಿಮಾನ ಹತ್ತಿಸಲ್ಲ, ಹಿಡಿದು ಕೂರಿಸ್ತಾರೆ!”

ವೀಸಾಕ್ಕೆ ಪಾಸ್‌ಪೋರ್ಟ್ ಬೇಕು. ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡಿನಲ್ಲೂ ಅದರ ಸಂಖ್ಯೆ ಬರೆಸಬೇಕು, ಆ ಚುಚ್ಚುಮದ್ದೋ ಹೊರಡುವುದಕ್ಕೆ ಕಡಿಮೆಯೆಂದರೂ ಹತ್ತು ದಿನ ಮೊದಲೇ ಆಗಿರಬೇಕು. ಎಲ್ಲವೂ ಆ ಒಂದು ಪುಸ್ತಕಕ್ಕೆ ಗಂಟುಬಿದ್ದಿದ್ದವು. ಮಾಮನ ಕಣ್ಣೆದುರು ಒಂದು ಖಾಲಿ ಕುರ್ಚಿ ಬಂದು ನಿಂತಿತು. ಅವನು ಆ ಹೊತ್ತು ಊಟ ಮಾಡಲಿಲ್ಲ.

ಮರುದಿನ ಪಾಸ್‌ಪೋರ್ಟ್ ಕಚೇರಿಯ ಸಾಲಿನಲ್ಲಿ ಮೈಕಮ್ಮ ಪಿಸುಗುಟ್ಟಿದಳು, ಅಂದರೆ ಸುತ್ತ ಹತ್ತು ಜನಕ್ಕೆ ಮಾತ್ರ ಕೇಳುವಂತೆ ಹೇಳಿದಳು: “ನೀರು ಬಿತ್ತು, ಹಾಳೆ ಬಿಟ್ಕೊಂಡ್ವು ಅನ್ನಿ. ಅಷ್ಟೇ. ಬೇರೆ ಏನೂ ಬಾಯಿ ಬಿಡಬೇಡಿ.”

ಅಧಿಕಾರಿಣಿ ಕನ್ನಡಕವನ್ನು ಹಣೆಯ ಮೇಲಿಂದ ಕಣ್ಣಿಗಿಳಿಸಿ ಪುಸ್ತಕವನ್ನು ತಿರುವಿ ತಿರುವಿ ನೋಡಿದರು.

“ಯಾರ್ರೀ ಇದನ್ನ ಹೊಲಿದಿದ್ದು?”

ಮೈಕಮ್ಮ ಗಂಡನ ಕಾಲು ತುಳಿದಳು. ಆದರೆ ತನ್ನ ಹೊಲಿಗೆಯನ್ನು ತನ್ನದಲ್ಲ ಎನ್ನುವುದು ಮಾಮನಿಂದ ಸಾಧ್ಯವೇ?

“ನಾನೇ ಮೇಡಂ. ಮೊದಲಿನ ಹೊಲಿಗೆ ಚೆನ್ನಾಗಿರಲಿಲ್ಲ.”

“ಇದು ಸರ್ಕಾರದ ಪುಸ್ತಕ, ಗೊತ್ತಾ?”

“ಅದಕ್ಕೇ ಮೇಡಂ. ಸರ್ಕಾರದ್ದು ಅಂದ್ಮೇಲೆ ಗಟ್ಟಿಯಾಗಿ ಬೇಡ್ವಾ?”

ಅಧಿಕಾರಿಣಿಯ ಮುಖ ಗಂಟಿಕ್ಕಿತು. ಯಾವ ಹಾಳೆ ತೆಗೆದಿರಿ, ಯಾವುದು ಸೇರಿಸಿದಿರಿ ಎಂದು ಕೇಳಿದರು. ಇದು ವಿಚಾರಣೆಗೆ ಹೋದರೆ ಮೂರು ತಿಂಗಳಾಗಬಹುದು ಎಂದೂ ಹೇಳಿದರು. ಮೂರು ತಿಂಗಳು! ಬೇಡಿಕೊಳ್ಳಲು ಮಾಮನಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ ವಿದ್ಯೆ.

“ಮೇಡಂ, ಒಂದು ಕತ್ತರಿ ಕೊಡ್ತೀರಾ? ನಿಮ್ಮೆದುರೇ ಬಿಚ್ಚಿ ತೋರಿಸ್ತೀನಿ.”

ಅವರು ಏನೆಂದುಕೊಂಡರೋ, ಕೊಟ್ಟರು. ಮಾಮ ಗಂಟು ಕತ್ತರಿಸಿ, ದಾರ ಎಳೆದು, ಹಾಳೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದ. “ಇಲ್ಲಿ ಮಡಿಕೆ ನೋಡಿ. ಸಣ್ಣ ಸಣ್ಣ ತೂತು ಕಾರ್ಖಾನೆ ಯಂತ್ರದ್ದು. ದೊಡ್ಡವು ಐದು ನಂದು. ಹೊರಗಿನ ಹಾಳೆ ಸೇರಿಸಿದ್ರೆ ಅದ್ರಲ್ಲಿ ಸಣ್ಣ ತೂತು ಎಲ್ಲಿಂದ ಬರುತ್ತೆ? ಎಣಿಸ್ಕೊಳ್ಳಿ. ಎಲ್ಲಾದ್ರಲ್ಲೂ ಇದೆ, ಒಂದೇ ಸಾಲಲ್ಲಿದೆ.”

ಅಧಿಕಾರಿಣಿ ದೀಪ ಎಳೆದುಕೊಂಡು ಒಂದೊಂದು ಹಾಳೆಯನ್ನೂ ಎಣಿಸಿದರು, ಪುಟಸಂಖ್ಯೆ ನೋಡಿದರು, ಭೂತಗನ್ನಡಿ ಹಿಡಿದರು. ಪಕ್ಕದ ಮೇಜಿನವರೂ ಬಂದು ಬಗ್ಗಿದರು. ಹಿಂದಿನ ಸಾಲಿನವರು ತಡವಾಯಿತೆಂದು ಗೊಣಗುವುದನ್ನೂ ಮರೆತು ಕತ್ತು ಚಾಚಿದ್ದರು.

“ಯಾಕ್ರೀ ಬೇಕಿತ್ತು ನಿಮಗೆ ಈ ಉಸಾಬರಿ?” ಎಂದರು ಕೊನೆಗೆ ಅಧಿಕಾರಿಣಿ. ದನಿ ಮೆತ್ತಗಾಗಿತ್ತು.

“ಅಕ್ಕನ ಮದುವೆ ಮೇಡಂ. ಪುಸ್ತಕ ಹೊಲಿಯೋದು ನಂಗೆ ಹೇಳಿಕೊಟ್ಟಿದ್ದೇ ಅವಳು. ಬೆನ್ನು ಬಿಟ್ಟ ಪುಸ್ತಕ ಹಿಡ್ಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ?”

ಅವರು ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆಸಿ ಸಹಿ ಮಾಡಿಸಿಕೊಂಡರು. ವಿಚಾರಣೆಗೆ ಕಳಿಸಲಿಲ್ಲ, ಹಳೆಯದು ರದ್ದು, ಹೊಸದಕ್ಕೆ ಎರಡು ವಾರ ಎಂದರು. ಮೆಟ್ಟಿಲಿಳಿಯುವಾಗ ಮೈಕಮ್ಮ ಜಗಳವಾಡಲೂ ಇಲ್ಲ. “ನೀರು ಬಿತ್ತು ಅಂದಿದ್ರೆ ಸಿಕ್ಕಿಬೀಳ್ತಿದ್ವಿ ಅಲ್ವಾ?” ಎಂದಷ್ಟೇ ಹೇಳಿದಳು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವಳು ತಪ್ಪೊಪ್ಪಿಕೊಂಡದ್ದು ಅದೊಂದು ಸಲ.

ಆ ಎರಡು ವಾರ ಮಾಮ ಮೆಟ್ಟಿಲುಗಳನ್ನು ಹೇಳಿಸಿಕೊಳ್ಳದೆಯೇ ಹತ್ತಿದ. ಅಕ್ಕನಿಗೆ ಫೋನಿನಲ್ಲಿ “ಎಲ್ಲಾ ಸರಿಯಾಗಿದೆ” ಎನ್ನುವಾಗ ಮಾತ್ರ ಬೆವರುತ್ತಿದ್ದ. ಹದಿನೈದನೆಯ ದಿನ ಅಧಿಕಾರಿಣಿ ಹೊಸ ಪಾಸ್‌ಪೋರ್ಟನ್ನೂ, ಮೂಲೆ ಕತ್ತರಿಸಿ ರದ್ದು ಮಾಡಿದ ಹಳೆಯದನ್ನೂ ಮುಂದಿಟ್ಟು, ನಗು ಬಿಗಿಹಿಡಿದು ಕೇಳಿದರು: “ಇದರ ಹೊಲಿಗೆ ಹೇಗಿದೆ?”

ಮಾಮ ನೋಡಿದ. ಕೆಟ್ಟದಾಗಿತ್ತು.

“ತುಂಬಾ ಚೆನ್ನಾಗಿದೆ ಮೇಡಂ.”

ಮೈಕಮ್ಮ ಅದನ್ನು ಕಸಿದು ತನ್ನ ಚೀಲಕ್ಕೆ ಹಾಕಿ ಜಿಪ್ ಎಳೆದಳು. “ಪ್ರಯಾಣಿಕರ ಗಮನಕ್ಕೆ. ನಾನು ಹೇಳೋವರೆಗೂ ಇದನ್ನ ಮುಟ್ಟೋ ಹಾಗಿಲ್ಲ.” ಮಾರನೆಯ ದಿನವೇ ಚುಚ್ಚುಮದ್ದಾಯಿತು, ವೀಸಾದ ಅರ್ಜಿ ಹೋಯಿತು. ವೀಸಾ ಕೈಗೆ ಬಂದದ್ದು ಹೊರಡುವ ಹಿಂದಿನ ದಿನ. ಹಳೆಯದನ್ನು ಮಾಮ ಮನೆಯಲ್ಲಿ ಮೊದಲಿನಂತೆಯೇ ಹೊಲಿದು ಸ್ವೆಟರಿನ ಮಡಿಕೆಯಲ್ಲಿ ಇಟ್ಟುಕೊಂಡ. ರದ್ದಾದದ್ದಕ್ಕೆ ಯಾರ ಅಪ್ಪಣೆ?

ಬೊಲಿವಿಯಾದ ವಿಮಾನ ನಿಲ್ದಾಣದಲ್ಲಿ ಅಕ್ಕ ಪೂರ್ತಿ ನರೆತ ತಲೆಯಲ್ಲಿ ನಿಂತಿದ್ದಳು. ಮಾಮನಿಗೆ ನಾಲ್ಕು ಹೆಜ್ಜೆಗೇ ಉಸಿರು ಸಿಕ್ಕಿಕೊಂಡಿತು, ಅದು ಎತ್ತರಕ್ಕೋ ಅಕ್ಕನಿಗೋ ಅವನಿಗೆ ತಿಳಿಯಲಿಲ್ಲ. ಅಕ್ಕ ಇಬ್ಬರನ್ನೂ ಎರಡು ದಿನ ಹಾಸಿಗೆ ಬಿಟ್ಟು ಏಳಗೊಡಲಿಲ್ಲ. ಮೈಕಮ್ಮ ನಡೆದ ಕತೆಯನ್ನೆಲ್ಲ ಹೇಳಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆಮೇಲೆ ಹಳೆಯ ಪಾಸ್‌ಪೋರ್ಟನ್ನು ಇಸಿದುಕೊಂಡು, ನಡುವೆ ತೆರೆದು, ಹೆಬ್ಬೆರಳಿನಿಂದ ಮಡಿಕೆಯನ್ನು ಸವರಿ ನೋಡಿದಳು. ಗಂಟು ಒಳಗಡೆಯೇ ಇತ್ತು. ಅವಳ ನಗು ನಿಂತು ಕಣ್ಣು ತುಂಬಿತು.

ಜುಲೈ ಇಪ್ಪತ್ತರಂದು ನೋಂದಣಿ ಕಚೇರಿಯಲ್ಲಿ ವರನ ಕಡೆಯವರು ಕಿಕ್ಕಿರಿದಿದ್ದರು. ಅಕ್ಕನ ಕಡೆ ಎರಡೇ ಕುರ್ಚಿ, ಎರಡೂ ಭರ್ತಿ. ಗುಮಾಸ್ತ ದೊಡ್ಡ ನೋಂದಣಿ ಪುಸ್ತಕ ತಂದು ತೆರೆದಿಟ್ಟ. ವಧೂವರರ ಸಹಿಯಾಯಿತು. ಸಾಕ್ಷಿಗೆಂದು ಮಾಮ ಪೆನ್ನು ಹಿಡಿದು ಬಗ್ಗಿದ, ಬಗ್ಗಿದವನು ಹಾಗೇ ನಿಂತ. ಪುಸ್ತಕದ ಬೆನ್ನು ಬಿಟ್ಟುಕೊಂಡಿತ್ತು, ದಾರ ಜೋಲುತ್ತಿತ್ತು. ಹೆಂಡತಿಯ ಕಣ್ಣು ತನ್ನ ಮೇಲಿದೆಯೆಂದು ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಸಹಿ ಹಾಕಿದ.

ಆಗ ಪಕ್ಕದಲ್ಲಿ ಮದುವಣಗಿತ್ತಿ ಮೆಲ್ಲಗೆ ಅವನ ತೋಳು ಜಗ್ಗಿದಳು.

“ತಮ್ಮಾ, ದಾರ ನೋಡಿದೆಯೇನೋ? ಸೂಜಿ ತಂದಿದ್ದೀಯಾ?”